ಮೆಟ್ಟಿಲಿಗೆ ಹೋದ ಪಿಟೀಲು

ಊರಿನಲ್ಲಿ ಪಿಟೀಲು ಕುಯ್ಯುವವರು ಬೇಕಾದಷ್ಟು ಜನ ಇದ್ದಾರೆ, ನುಡಿಸುವವನು ಮಾತ್ರ ನಾನೊಬ್ಬನೇ ಎಂದು ಪಿಟೀಲಜ್ಜ ತಮಾಷೆ ಮಾಡುತ್ತಿದ್ದ. ಜಂಬವೇನಲ್ಲ, ಇದ್ದದ್ದೇ ಹಾಗೆ. ಮುಚ್ಚಿಹೋದ ಚಿತ್ರಮಂದಿರದ ಮೆಟ್ಟಿಲ ಮೇಲೆ ಮಧ್ಯಾಹ್ನ ಅವನು ಬಂದು ಕೂತನೆಂದರೆ ಎದುರಿನ ಕ್ಷೌರಿಕ ಕತ್ತರಿ ಕೆಳಗಿಡುತ್ತಿದ್ದ. ಅರ್ಧ ತಲೆ ಕತ್ತರಿಸಿಕೊಂಡು ಕೂತ ಗಿರಾಕಿಯೂ ತಕರಾರೆತ್ತುತ್ತಿರಲಿಲ್ಲ. ಬಸ್ಸಿನ ಡ್ರೈವರುಗಳು ಆ ತಿರುವಿನಲ್ಲಿ ಹಾರ್ನ್ ಒತ್ತುವುದನ್ನೇ ಬಿಟ್ಟಿದ್ದರು. ಇಡೀ ಬೀದಿಗೆ ಜಗಳಗಂಟಿ ಎನಿಸಿಕೊಂಡ ಹಣ್ಣಿನಂಗಡಿಯವಳು ಅಷ್ಟು ಹೊತ್ತು ಬಾಯಿಗೆ ಬೀಗ ಹಾಕಿಕೊಂಡಿರುತ್ತಿದ್ದಳು. ಅಜ್ಜ ತೀರಿಕೊಂಡು ವರ್ಷವಾಗುತ್ತ ಬಂದಿದ್ದರೂ ಆ ಹೊತ್ತಿಗೆ ಜನರ ಕಣ್ಣು ತಾನಾಗಿ ಮೆಟ್ಟಿಲ ಕಡೆ ಹೋಗುತ್ತಿತ್ತು.

ಅಲ್ಲೊಂದು ಕಲ್ಲು ಹಾಕಿಸಬೇಕೆಂದು ಊರವರು ಹೊರಟರು. ಔಷಧಿ ಅಂಗಡಿಯವನು ಇದರ ಮುಂದಾಳು. ಸಮಾರಂಭದ ದಿನ ಬೆಳಿಗ್ಗೆ ಅವನು ಅಜ್ಜನ ಮನೆಗೆ ಬಂದು, ಹಾಸಿಗೆಯ ಮೇಲಿದ್ದ ಅಜ್ಜಿಗೂ ಅವಳ ತಲೆ ಬಾಚುತ್ತಿದ್ದ ಪಕ್ಕದ ಮನೆಯ ಲಾಂಡ್ರಿ ಅಕ್ಕನಿಗೂ ಕಲ್ಲಿನ ಮೇಲೆ ಕೆತ್ತಿಸಿದ್ದನ್ನು ಬಾಯಿಪಾಠ ಒಪ್ಪಿಸಿದ: "ಮನೆಯ ನಾಲ್ಕು ಗೋಡೆ ಬಿಟ್ಟುಬಂದು ತನ್ನ ಸಂಗೀತವನ್ನು ಊರಿಗೇ ಕೊಟ್ಟ ಮಹಾನುಭಾವ." ಬರೆದವನು ತಾನೇ ಆದ್ದರಿಂದ ಮುಖ ಊರಗಲ ಆಗಿತ್ತು. ಲಾಂಡ್ರಿ ಅಕ್ಕನ ಕೈಯಲ್ಲಿದ್ದ ಬಾಚಣಿಗೆ ಸಿಕ್ಕಿನಲ್ಲಿ ನಿಂತುಬಿಟ್ಟಿತು.

ಸಂಜೆ ಅಜ್ಜನ ಶಿಷ್ಯೆ, ಶಾಲೆಯ ಟೀಚರು, ಅವನದೇ ಪಿಟೀಲು ನುಡಿಸುವವಳಿದ್ದಳು. ಅಜ್ಜನಿಗೆ ಮೈಕು ಕಂಡರಾಗುತ್ತಿರಲಿಲ್ಲವಾದ್ದರಿಂದ ಮೈಕಿಲ್ಲದೆಯೇ. ಅಜ್ಜಿ ಬಂದು ಮುಂದಿನ ಸಾಲಿನಲ್ಲಿ ಕೂರಬೇಕು, ಕುರ್ಚಿಯ ಸಮೇತ ಹೊತ್ತುಕೊಂಡು ಹೋಗಲು ನಾವಿದ್ದೇವೆ ಎಂದು ಔಷಧಿ ಅಂಗಡಿಯವನು ಕೈಮುಗಿದು ಕೇಳಿದ.

"ಪಿಟೀಲು ಮೂಲೆಯಲ್ಲಿದೆ, ತಗೊಂಡು ಹೋಗಿ. ನಾನು ಬರಲ್ಲ. ನಮ್ಮ ಯಜಮಾನರು ಊರಿಗೆ ಸೇರಿದವರು. ನನಗೂ ಅವರಿಗೂ ಏನು ಸಂಬಂಧ," ಎಂದಳು ಅಜ್ಜಿ.

ಅವನು ತಲೆ ಕೆರೆದುಕೊಂಡು ಪಿಟೀಲಿನ ಪೆಟ್ಟಿಗೆ ಎತ್ತಿಕೊಂಡು ಹೋದ. ವಯಸ್ಸಾದವರು ಏನೋ ಅನ್ನುತ್ತಾರೆ ಎಂದುಕೊಂಡಿರಬೇಕು. ಆದರೆ ಲಾಂಡ್ರಿ ಅಕ್ಕನಿಗೆ ಆ ಮಾತಿನ ಬೇರು ಎಲ್ಲಿದೆ ಎಂದು ಗೊತ್ತಿತ್ತು. ಆ ಬೇರಿಗೆ ನೀರು ಹಾಕಿದವಳೇ ಅವಳು.

ಅಜ್ಜ ನಾಲ್ಕು ಗೋಡೆ ಬಿಟ್ಟುಬಂದವನಲ್ಲ. ಬಿಡಿಸಿದ್ದು ಅವಳು. ಆಗ ಅವಳಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿ ಪಾಳಿ. ಹಬೆಯಾಡುವ ಇಸ್ತ್ರಿ ಉರುಳೆಗಳ ನಡುವೆ ಹಾಸಿಗೆ ಬಟ್ಟೆ ತೂರಿಸಿ ತೂರಿಸಿ ಬೆಳಗಾಗುವಷ್ಟರಲ್ಲಿ ತೋಳು ಬಿದ್ದುಹೋಗುತ್ತಿದ್ದವು. ಮನೆಗೆ ಬಂದು ಕಣ್ಣು ಮುಚ್ಚಿದರೆ ಗೋಡೆಯಾಚೆ ಪಿಟೀಲು ಶುರು. ಒಂದು ದಿನ ತಾಳ್ಮೆ ಕೆಟ್ಟು ಗೋಡೆಗೆ ಮುಷ್ಟಿಯಿಂದ ದಬದಬ ಗುದ್ದಿದಳು. ಅಷ್ಟಕ್ಕೇ ಬಿಡದೆ ಹೊರಗೆ ಬಂದು, ನಿಮಗೆ ಸಂಗೀತವಾದರೆ ನನಗೆ ಸಾವು ಎಂದು ಮುಖಕ್ಕೆ ಹೊಡೆದ ಹಾಗೆ ಅಂದಳು. ಅಜ್ಜ ತಪ್ಪಾಯಿತು ಮಗಳೇ ಎಂದ. ಮಾರನೆಯ ದಿನದಿಂದ ಪೆಟ್ಟಿಗೆ ಹಿಡಿದುಕೊಂಡು ಚಿತ್ರಮಂದಿರದ ಮೆಟ್ಟಿಲಿಗೆ ಹೊರಟ. ಒಳಕೋಣೆಯಲ್ಲಿ ಕಾಲು ಸ್ವಾಧೀನ ತಪ್ಪಿ ಮಲಗಿದ್ದ ಅಜ್ಜಿಗೆ ಆ ಗುದ್ದು ಯಾರೋ ಮೊಳೆ ಹೊಡೆದ ಹಾಗೆ ಕೇಳಿರಬೇಕು. ಅಜ್ಜ ಅವಳಿಗೆ ಏನೂ ಹೇಳಲಿಲ್ಲ. ಹೇಳಿದ್ದರೆ ಹಾಸಿಗೆಯಿಂದಲೇ ಅವಳು ಜಗಳಕ್ಕೆ ನಿಲ್ಲುತ್ತಿದ್ದಳು.

ಇಷ್ಟೇ ಆಗಿದ್ದರೆ ಅಕ್ಕ ತನ್ನನ್ನು ತಾನೇ ಕ್ಷಮಿಸಿಕೊಳ್ಳಬಹುದಿತ್ತು. ನಿದ್ದೆಗೆಟ್ಟವರು ಏನನ್ನಾದರೂ ಅನ್ನುತ್ತಾರೆ. ಆದರೆ ಕೆಲವೇ ತಿಂಗಳಿಗೆ ಅವಳಿಗೆ ಬೆಳಗಿನ ಪಾಳಿ ಬಂತು. ನಸುಕಿನಲ್ಲಿ ಹೋಗಿ ಮಧ್ಯಾಹ್ನದ ಹೊತ್ತಿಗೆ ವಾಪಸು. ಹಗಲು ನಿದ್ದೆ ಬೇಕಾಗಿರಲಿಲ್ಲ. ಬಂದು ಬಾಗಿಲು ಹಾಕಿಕೊಂಡರೆ ಅಜ್ಜನ ಪಾಲಿಗೆ ಅವಳು ಮಲಗಿದ ಹಾಗೇ. ಅವಳ ಬಾಗಿಲ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತಿದ್ದ, ಪುಣ್ಯಾತ್ಮ. ಒಮ್ಮೆ ಎದುರುಬದುರಾದಾಗ, ಈಗ ನಿದ್ದೆ ಆಗ್ತಿದೆಯಾ ಮಗಳೇ ಎಂದು ಕೇಳಿದ. ಅವಳು ಹೂಂ ಎಂದಳು.

ಆ ಒಂದು ಹೂಂ ಅವಳನ್ನು ತಿನ್ನುತ್ತಿತ್ತು. ಮನೆಯಲ್ಲೇ ನುಡಿಸಿ ಅಜ್ಜ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಮೊದಲು ನಾಚಿಕೆ ಅಡ್ಡ ಬಂತು. ಅಷ್ಟರಲ್ಲಿ ಮೆಟ್ಟಿಲ ಮುಂದೆ ಜನ ಸೇರತೊಡಗಿದ್ದರು. ಊರಿಗೆ ಒಳ್ಳೆಯದೇ ಆಯಿತಲ್ಲ ಎಂದು ಅವಳು ತನಗೆ ತಾನೇ ಬೆಣ್ಣೆ ಹಚ್ಚಿಕೊಂಡಳು. ರಜೆಯ ದಿನ ತಾನೂ ಹೋಗಿ ನಿಂತು ಕೇಳಿ ಬಂದಳು, ನಾಚಿಕೆಯಿಲ್ಲದೆ. ಆ ಸಂಗೀತ ಸಿಗದವಳು ಊರಿನಲ್ಲಿ ಒಬ್ಬಳೇ ಒಬ್ಬಳು ಎಂಬುದು ಅವಳಿಗೆ ಹೊಳೆದದ್ದು ಅಜ್ಜ ಸತ್ತ ಮೇಲೆ, ಹಾಲು ಕೊಡಲೆಂದು ಈ ಕೋಣೆಗೆ ಬರತೊಡಗಿದಾಗ. ಅಂದಿನಿಂದ ಅಡುಗೆ, ಸ್ನಾನ, ಬಟ್ಟೆ ಎಲ್ಲ ಅವಳದೇ. ಹೊಟ್ಟೆಯಲ್ಲಿ ಹುಟ್ಟದಿದ್ದರೇನು, ನೀನೇ ನನ್ನ ಮಗಳು ಎಂದು ಅಜ್ಜಿ ಅಂದಾಗಲೆಲ್ಲ ಅವಳು ಬೇಗ ಬೇಗ ಬೇರೆ ಕೆಲಸ ಹುಡುಕಿಕೊಳ್ಳುತ್ತಿದ್ದಳು. ಅವಳಿಗೂ ಈ ಮುದುಕಿಯ ಹೊರತು ನಮ್ಮವರು ಅನ್ನುವವರು ಬೇರೆ ಯಾರೂ ಇರಲಿಲ್ಲ.

ಅಜ್ಜಿ ಗೋಡೆ ಕಡೆ ಮುಖ ಮಾಡಿ ತನಗೇ ಹೇಳಿಕೊಳ್ಳುವಂತೆ ಮಾತಾಡುತ್ತಿದ್ದಳು. ಕಾಲಾಡದ ಹೆಂಡತಿಯ ಎದುರು ನುಡಿಸಿ ಯಾರಿಗೆ ಏನು ಲಾಭ, ನಾನು ಬೇಸರವಾದೆ, ಬೀದಿ ರುಚಿಸಿತು ಎಂದಳು. ಆ ಕಲ್ಲನ್ನು ತಾನು ಸಾಯುವವರೆಗೂ ನೋಡುವುದಿಲ್ಲವಂತೆ.

ಬಾಯಿ ಮುಚ್ಚಿಕೊಂಡಿದ್ದರೆ ಲಾಂಡ್ರಿ ಅಕ್ಕ ಮಗಳಾಗಿಯೇ ಉಳಿಯುತ್ತಿದ್ದಳು. ಆದರೆ ಗಂಡ ತನ್ನನ್ನು ಕೈಬಿಟ್ಟ ಎಂದುಕೊಂಡೇ ಈ ಮುದುಕಿ ಸಾಯಬೇಕಾಗುತ್ತಿತ್ತು. ಅಕ್ಕ ಬಾಚಣಿಗೆ ಕೆಳಗಿಟ್ಟಳು. ಗುದ್ದಿದ್ದು, ಅಂದದ್ದು, ಪಾಳಿ ಬದಲಾದದ್ದು, ಹೂಂ ಎಂದದ್ದು ಎಲ್ಲವನ್ನೂ ಅಜ್ಜಿಯ ಬೆನ್ನಿಗೆ ಹೇಳಿದಳು. ಮುಖ ನೋಡಿ ಹೇಳುವ ಧೈರ್ಯ ಬರಲಿಲ್ಲ.

ಅಜ್ಜಿ ತಿರುಗದೆಯೇ ಕೇಳಿದಳು.

"ಪಾಳಿ ಬದಲಾಗಿದ್ದು ಅವರಿಗೆ ಗೊತ್ತಿತ್ತಾ?"

"ಇಲ್ಲ ಅಜ್ಜಿ."

"ತೀರಿಕೊಳ್ಳೋ ಮುಂಚಿನ ವಾರ ಇಲ್ಲಿ ಬಂದು ಕೂತ್ಕೊಂಡ್ರು. ಪಕ್ಕದ ಮನೆಗೆ ಕೇಳದ ಹಾಗೆ ಮೆಲ್ಲಗೆ ನುಡಿಸ್ತೀನಿ, ಕೇಳ್ತೀಯಾ ಅಂದ್ರು. ನನ್ನ ಮುಂದೆ ನುಡಿಸೋಕೂ ಕದ್ದು ನುಡಿಸಬೇಕಾ ಅಂತ ಮೈಯೆಲ್ಲ ಉರೀತು. ನಿಮ್ಮ ಬೀದಿಯವರಿಗೇ ನುಡಿಸಿ ಹೋಗಿ ಅಂದೆ." ಅಜ್ಜಿ ಈಗ ಈ ಕಡೆ ತಿರುಗಿದಳು. "ಅವರು ಎದ್ದು ಹೋದ್ರು. ಅದೇ ನಾವು ಆಡಿದ ಕೊನೇ ಮಾತು."

ಲಾಂಡ್ರಿ ಅಕ್ಕ ಅವಳ ಕಾಲು ಹಿಡಿಯಲು ಬಗ್ಗಿದಳು. ಮುಟ್ಟಬೇಡ ಎಂದಳು ಅಜ್ಜಿ. ದನಿ ಏರಿಸಲಿಲ್ಲ. ಸಂಜೆ ಕುರ್ಚಿ ತರಲು ಅವರಿಗೆ ಹೇಳಿ ಕಳಿಸು, ನಾನು ಹೋಗುತ್ತೇನೆ ಎಂದಳು.

ಸಂಜೆ ಕ್ಷೌರಿಕನೂ ಔಷಧಿ ಅಂಗಡಿಯವನೂ ಕುರ್ಚಿ ಹಿಡಿದು ಬಂದರು. ಅಕ್ಕ ಇಸ್ತ್ರಿ ಮಾಡಿ ಇಟ್ಟಿದ್ದ ಬಟ್ಟೆಯನ್ನೇ ಅಜ್ಜಿ ಉಟ್ಟಿದ್ದಳು, ಬೇರೆ ಇರಲಿಲ್ಲ. ಅಕ್ಕನೂ ಹೊರಡಲು ಚಪ್ಪಲಿ ಮೆಟ್ಟಿದಳು.

"ನೀನು ಬರಬೇಡ," ಎಂದಳು ಅಜ್ಜಿ. "ನನ್ನ ಹಾಸಿಗೆ ಮೇಲೆ ಕೂತಿರು."

ಯಾಕೆಂದು ಅಕ್ಕನಿಗೆ ಅರ್ಥವಾಗಲಿಲ್ಲ. ಒಳಕೋಣೆಗೆ ಹೋಗಿ, ಹೇಳಿದ ಹಾಗೆ ಹಾಸಿಗೆಯ ಅಂಚಿನಲ್ಲಿ ಕೂತಳು. ಮಾಡದ ಕೆಲಸ ಬೇಕಾದಷ್ಟಿತ್ತು, ಮಾಡಲು ಕೈ ಬರಲಿಲ್ಲ. ಟೀಚರು ಶುರು ಮಾಡುವ ಹೊತ್ತಾಯಿತು. ಅವಳು ಕಿಟಕಿ ಪೂರ್ತಿ ತೆರೆದಳು, ಉಸಿರು ಬಿಗಿಹಿಡಿದು ಕಿವಿಗೊಟ್ಟಳು. ಏನೂ ಇಲ್ಲ. ಬೀದಿಯ ಆ ತುದಿಯಲ್ಲಿ ನುಡಿಯುತ್ತಿದ್ದ ಪಿಟೀಲಿಗೆ ಈ ಕೋಣೆಯವರೆಗೆ ಬರುವ ಶಕ್ತಿ ಇರಲಿಲ್ಲ. ತುಂಬ ಹೊತ್ತಿನ ಮೇಲೆ, ಒಮ್ಮೆಲೇ, ಇಡೀ ಊರಿನ ಚಪ್ಪಾಳೆ ಕಿಟಕಿಯಿಂದ ಒಳಗೆ ನುಗ್ಗಿತು. ಅದು ಮಾತ್ರ ಇಲ್ಲೇ ಬಾಗಿಲಲ್ಲಿ ತಟ್ಟಿದಷ್ಟು ಸ್ಪಷ್ಟವಾಗಿತ್ತು. ಇಷ್ಟು ವರ್ಷ, ದಿನಾ ಮಧ್ಯಾಹ್ನ, ಅಜ್ಜಿಗೆ ಕೇಳಿಸಿದ್ದು ಇದೊಂದೇ.

ಕಿವಿ ಮುಚ್ಚಿಕೊಳ್ಳಬೇಕೆನಿಸಿತು. ಮುಚ್ಚಿಕೊಳ್ಳದೆ, ಅವರು ಅಜ್ಜಿಯನ್ನು ವಾಪಸು ಕರೆತರುವವರೆಗೂ ಅವಳು ಅಲ್ಲೇ ಕೂತಿದ್ದಳು.