ಎರಡು ಹಿಡಿಕೆ

ಗೊಲ್ಲಾಳಮ್ಮನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ ಹಣೆಗೆ ವಿಭೂತಿ ಬಳಿಯುತ್ತಿದ್ದಾಗ, ಅವಳ ಮೈದುನ ಪಂಪಣ್ಣ ಪಕ್ಕದಲ್ಲೇ ಇದ್ದ ಅವಳ ಅಂಗಡಿಯಲ್ಲಿ ಕಾಫಿ ಹುರಿಯುವ ಡ್ರಮ್ಮನ್ನು ಗೇಣು ಹಾಕಿ ಅಳೆಯುತ್ತಿದ್ದ.

"ಬಂಡಿಯಾಗ ಹಿಡಿತೈತಿ," ಎಂದ ಹೋಟೆಲಿನ ಮರಿಲಿಂಗಪ್ಪನಿಗೆ. "ಮಣ್ಣು ಮುಗಿಸಿ ಬಂದಕೂಡ್ಲೆ ಒಯ್ಯಿ."

"ಮುಟ್ಟಬ್ಯಾಡ್ರಿ." ಡ್ರಮ್ಮಿನ ಆಚೆ ಬದಿ ಮಸ್ತಾನಬಿ ಕುಳಿತಿದ್ದಳು. ಐದು ವರ್ಷದಿಂದ ಅದು ಅವಳ ಜಾಗ. "ನಿನ್ನಿ ಸಂಜಿಕ ಅಕ್ಕ ಕಾಳು ತುಂಬ್ಯಾಳ. ಇನ್ನಾ ಹಸಿ ಅದಾವ."

"ಅಕ್ಕ ಅಂತ, ಅಕ್ಕ! ಇದು ನಮ್ಮ ಮನಿ ಸಾಮಾನು."

"ಇದನ್ನ ತರಾಕ ಆಕಿ ಕೈಯಾನ ಬಂಗಾರದ ಪಾಟ್ಲಿ ಮಾರಿದ್ಳು, ನಾ ಎರಡು ಆಡು ಮಾರಿದ್ದೆ. ಅರ್ಧ ನಂದೈತ್ರಿ."

"ಹಂಗಾದ್ರ ಅರ್ಧ ಕೊಯ್ಕೊಂಡು ಹೋಗು."

ಮರಿಲಿಂಗಪ್ಪ ನಕ್ಕ. ಸಾವಿನ ಮನೆ ನೆನಪಾಗಿ ಕೆಮ್ಮಿದ.

ಒಳಗಿನಿಂದ ಪಂಪಣ್ಣನ ಹೆಂಡತಿ ಹಂಪಮ್ಮ ಕೂಗಿದಳು: "ಹೆಣದ ಮುಂದ ಯಾಪಾರ ಸಾಕು ಮಾಡ್ರಿ. ಕೇಳಿಸ್ಕೊಂಡ್ರ ಎದ್ದು ಬಂದು ಬೈತಾಳ ಆಕಿ."

*

ನಿಜಾಮನ ಆಳ್ವಿಕೆ ಮುಗಿದ ಮೇಲೆ ಸುರಪುರದ ಕಚೇರಿಗಳಿಗೆ ಮದ್ರಾಸಿನ ಕಡೆಯ ಅಧಿಕಾರಿಗಳು ಬಂದಿದ್ದರು. ಊರಿನ ಚಹಾ ಅವರ ಗಂಟಲಲ್ಲಿ ಇಳಿಯಲಿಲ್ಲ. ಶೇಂಗಾ ಹುರಿದು ಮಾರುತ್ತಿದ್ದ ವಿಧವೆ ಗೊಲ್ಲಾಳಮ್ಮನಿಗೆ ಅವರಲ್ಲೊಬ್ಬರು ಹಸಿ ಕಾಫಿಬೀಜ ತಂದುಕೊಟ್ಟರು. ಬಾಣಲೆಯಲ್ಲಿ ಹುರಿದದ್ದು ಒಂದು ಮಗ್ಗುಲು ಸುಟ್ಟಿತು, ಇನ್ನೊಂದು ಹಸಿಯೇ ಉಳಿಯಿತು. ಹುರಿಯುವ ಡ್ರಮ್ಮು ಕೊಳ್ಳಲು ಅವಳು ಓಣಿಯ ಮಸ್ತಾನಬಿಯನ್ನು ಕರೆದುಕೊಂಡು ಯಾದಗಿರಿಗೆ ಹೋದಳು.

ಸ್ಟೇಷನ್ ಎದುರಿನ ಅಂಗಡಿಯ ನಸೀರುದ್ದೀನ ದೊಡ್ಡ ಡ್ರಮ್ಮಿನ ಧೂಳು ಒರೆಸಿದ. "ಇದು ತಗೊಳ್ರಿ. ಹತ್ತು ಸೇರು ಹಿಡಿತೈತಿ. ಇಂಜಿನ್ನಿಗೆ ಪಟ್ಟಾ ಹಾಕಿದ್ರ ತಾನೇ ತಿರಗತೈತಿ."

"ಇಂಜಿನ್ ಕೆಟ್ರ?"

"ಮೇಸ್ತ್ರಿ ಬರ್ತಾನ."

"ಆಂವಾ ಬರೋತನಾ ಕಾಳು ಸುಡದಂಗ ಕುಂದರ್ತಾವೇನು?"

ಮೂಲೆಯಲ್ಲಿ ಮೂರು ಸೇರಿನದೊಂದು ಬಿದ್ದಿತ್ತು. ಅವಳು ಅದರ ಮುಂದೆ ಕುಕ್ಕುರುಗಾಲಲ್ಲಿ ಕುಳಿತಳು.

"ಹುರಿಯೂ ನಡುವ ನಾಕು ಕಾಳು ತಗದು ನೋಡಾಕ ಬರ್ತೈತಿ?"

ಅವನು ಬದಿಯ ಚಿಕ್ಕ ಮುಚ್ಚಳ ತೆಗೆದು ತೋರಿಸಿದ. ಖಾಲಿ ಡ್ರಮ್ಮನ್ನೇ ಅವಳು ಬಹಳ ಹೊತ್ತು ತಿರುಗಿಸಿದಳು. ಅಷ್ಟರಲ್ಲಿ ನಸೀರುದ್ದೀನ ಎರಡು ಸಲ ಆಕಳಿಸಿದ.

"ಇದಾ ಇರ್ಲಿ. ಆ ಕಡಿಗೂ ಒಂದು ಹಿಡಿಕಿ ಹಚ್ಚಿಸಿ ಕೊಡು."

"ಎರಡ್ಯಾಕಮ್ಮಾ? ಇದು ಒಬ್ಬರು ತಿರುವೂ ಮಷಿನ್ನು."

"ಬೀಸೂ ಕಲ್ಲಿಗೆ ಇಬ್ಬರು ಕುಂದರ್ತೀವಿ. ಒಬ್ಬಾಕಿ ಕೈ ಸೋತ್ರ ಇನ್ನೊಬ್ಬಾಕಿ ಎಳೀತಾಳ. ಕಲ್ಲು ನಿಂದ್ರೂದಿಲ್ಲ."

ಮಸ್ತಾನಬಿ ಮೆಟ್ಟಿಲ ಮೇಲೇ ನಿಂತಿದ್ದಳು. ನಿಜಾಮನ ಆಳ್ವಿಕೆ ಮುಗಿದ ವರ್ಷದ ಗಲಾಟೆಯಲ್ಲಿ ಮನೆಯಿಂದ ಹೊರಟ ಅವಳ ಗಂಡ ತಿರುಗಿ ಬಂದಿರಲಿಲ್ಲ. ಅಂದಿನಿಂದ ಓಣಿಯವರು ಅವಳನ್ನು ಬೀಸಲಿಕ್ಕೆ ಕರೆಯುವುದನ್ನು ಬಿಟ್ಟಿದ್ದರು.

"ಅಲ್ಲ್ಯಾಕ ನಿಂತಿ?" ಎಂದಳು ಗೊಲ್ಲಾಳಮ್ಮ. "ಬಾ, ಆ ಕಡಿ ಕುಂತು ನೋಡು. ನಿನ್ನ ಕೈಗೆ ಎತ್ತರ ಸರಿ ಐತೋ ಇಲ್ಲೋ."

*

ಹೆಣ ಎತ್ತುವಾಗ ಪಂಪಣ್ಣ ಮಸ್ತಾನಬಿಗೆ ಕೈ ಅಡ್ಡ ಹಿಡಿದ. "ನೀ ಬರೂದು ಬ್ಯಾಡ."

ಅವಳು ಅಲ್ಲೇ ನಿಂತಳು. ಹೆಣದ ಮುಂದಿನ ಹಲಗೆ ಬಡಿತದ ಸದ್ದು ಸ್ಮಶಾನದ ಕಡೆಗಿನ ಬೋನಾಳದ ದಾರಿಗೆ ಹೊರಳಿದ ಮೇಲೆ ಒಳಗೆ ಹೋಗಿ ಇದ್ದಿಲು ತಂದಳು.

ಮಣ್ಣು ಮುಗಿಸಿ, ಮಿಂದು, ವಿಭೂತಿ ಹಚ್ಚಿಕೊಂಡು ಒದ್ದೆ ಬಟ್ಟೆಯಲ್ಲಿ ತಿರುಗಿ ಬಂದವರಿಗೆ ಓಣಿಯ ತುದಿಯಲ್ಲೇ ವಾಸನೆ ಬಡಿಯಿತು. ಪಂಪಣ್ಣ ಓಡಿದ. ಡ್ರಮ್ಮಿನ ಕೆಳಗೆ ಕೆಂಡ ನಿಗಿನಿಗಿ ಎನ್ನುತ್ತಿತ್ತು. ಒಂದು ಹಿಡಿಕೆ ಮಸ್ತಾನಬಿಯ ಕೈಯಲ್ಲಿತ್ತು. ಇನ್ನೊಂದು ಯಾರ ಕೈಯೂ ಇಲ್ಲದೆ ಅದರ ಜೊತೆಗೇ ತಿರುಗುತ್ತಿತ್ತು.

"ಸತ್ತ ದಿನಾ ಒಲಿ ಹಚ್ಚೀಯೇನು!"

"ಆಕಿ ತುಂಬಿಟ್ಟದ್ದು. ಹುರೀಲಿಕತ್ತೇನಿ."

"ಮರಿಲಿಂಗಾ, ಎತ್ತು!"

ಮರಿಲಿಂಗಪ್ಪ ಕೈ ಚಾಚಿದ, ಮುಟ್ಟಿದ, ಬೆರಳು ಬಾಯಲ್ಲಿಟ್ಟುಕೊಂಡ. "ಹ್ಯಾಂಗ್ ಎತ್ತಲೋ ಮಾರಾಯಾ! ಸುಡತೈತಿ!"

"ಆರಲಿ. ಕಾಯ್ತೀವಿ."

"ಕಾಯ್ರಿ," ಎಂದಳು ಮಸ್ತಾನಬಿ. "ಇದು ಮುಗದ ಮ್ಯಾಲ ಆ ಚೀಲಾನೂ ಐತಿ. ನಾಳಿಗೆ ಇನ್ನೊಂದು ಬರ್ತೈತಿ."

ಸುಡದೆ ಹಿಡಿಯಲು ಬರುವಂಥದ್ದು ಅದರಲ್ಲಿ ಕಟ್ಟಿಗೆಯ ಹಿಡಿಕೆಯೊಂದೇ. ಪಂಪಣ್ಣ ಮುನ್ನುಗ್ಗಿ ಗೊಲ್ಲಾಳಮ್ಮನ ಹಿಡಿಕೆಯನ್ನು ಎರಡೂ ಕೈಯಿಂದ ಅದುಮಿ ಹಿಡಿದ. ಡ್ರಮ್ಮು ನಿಂತಿತು. ಸಂದಿಯಿಂದ ದಟ್ಟ ಹೊಗೆ ಬಂತು.

"ಕರಕಾಗ್ತಾವ್ರೀ!"

"ಆಗ್ಲಿ!"

ಬಾಗಿಲಲ್ಲಿ ಹಂಪಮ್ಮ ನಿಂತಿದ್ದಳು, ಸೀರೆಯ ಸೆರಗಿನಿಂದ ನೀರು ಸೋರುತ್ತಿತ್ತು. "ಬಿಟ್ರ ಬಿಡ್ರಿ, ಇಲ್ಲಾ ತಿರುಗಸ್ರಿ. ಆಕಿ ಕಾಳು ಯಾಕ ಸುಡತೀರಿ?"

ಮಸ್ತಾನಬಿ ಎರಡೂ ಅಂಗಾಲನ್ನು ಕಲ್ಲಿಗೆ ಒತ್ತಿ ಎಳೆದಳು. ಡ್ರಮ್ಮು ಮತ್ತೆ ಹೊರಳಿತು. ಪಂಪಣ್ಣ ಕೈ ಬಿಡಲಿಲ್ಲ. ಹಿಡಿಕೆಯ ಜೊತೆಗೇ ಅವನ ಒದ್ದೆ ಭುಜ ಮೇಲೆದ್ದಿತು, ಬಾಗಿತು, ಮತ್ತೆ ಎದ್ದಿತು. ಹಣೆಯ ವಿಭೂತಿ ಬೆವರಿನಲ್ಲಿ ಕರಗಿ ಮೂಗಿನ ಮೇಲೆ ಇಳಿಯಿತು. ಓಣಿಯವರೆಲ್ಲ ನೋಡುತ್ತ ನಿಂತಿದ್ದಾಗ, ಡ್ರಮ್ಮಿನೊಳಗೆ ಮೊದಲ ಕಾಳು ಚಟ್ಟನೆ ಸಿಡಿಯಿತು.