ಎಡಗಣ್ಣಿನ ಗುರಿ

ಬಸ್ ಡ್ರೈವರನ ಬಲಗಣ್ಣು ಹೋದದ್ದು ಒಂದು ಬೆಳಿಗ್ಗೆ, ಗಡ್ಡ ಬೋಳಿಸಿಕೊಳ್ಳುವಾಗ. ಬಲಗಡೆಗೆ ಯಾರೋ ಬೂದು ಪರದೆ ಎಳೆದ ಹಾಗಾಯಿತು. ಕನ್ನಡಿಗೆ ಹಬೆ ಹಿಡಿದಿದೆ ಅಂದುಕೊಂಡು ಟವೆಲ್ಲಿನಿಂದ ಒರೆಸಿದ. ಹೋಗಲಿಲ್ಲ. ಎಡಗಣ್ಣು ಮುಚ್ಚಿ ನೋಡಿದಾಗಲೇ ಗೊತ್ತಾದದ್ದು, ಹಬೆ ಹಿಡಿದದ್ದು ಕನ್ನಡಿಗಲ್ಲ.

ಕಣ್ಣಿನ ಡಾಕ್ಟರು ದೀಪ ಬಿಟ್ಟು ಬಹಳ ಹೊತ್ತು ನೋಡಿದರು. ಕಣ್ಣಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡಿದೆ, ಇದಕ್ಕೆ ಇನ್ನು ದೃಷ್ಟಿ ಬರುವುದು ಸುಳ್ಳು, ಇನ್ನೊಂದು ಕಣ್ಣು ಗಟ್ಟಿಮುಟ್ಟಾಗಿದೆ, ಅದನ್ನು ಜೋಪಾನ ಮಾಡಿಕೊಳ್ಳಿ ಎಂದರು. ಒಂಟಿಗಣ್ಣಿನಲ್ಲಿ ಬಸ್ಸು ಓಡಿಸಲು ಯಾರು ಬಿಡುತ್ತಾರೆ? ಡಿಪೋದವರು ಕೆಲಸದಿಂದ ತೆಗೆಯಲಿಲ್ಲ, ಅಷ್ಟರ ಮಟ್ಟಿಗೆ ಒಳ್ಳೆಯವರು. ಪ್ರಯಾಣಿಕರು ಬಸ್ಸಿನಲ್ಲಿ ಮರೆತುಹೋದ ಸಾಮಾನು ಇಡುವ ಕೋಣೆಯಲ್ಲಿ ಕೂರಿಸಿದರು. ಕೊಡೆಗಳು, ಊಟದ ಡಬ್ಬಿಗಳು, ಒಂಟಿ ಕೈಗವಸುಗಳು, ಒಮ್ಮೆ ಯಾರದೋ ಹಲ್ಲಿನ ಸೆಟ್ಟು.

"ನೋಡೇ, ಹಲ್ಲು ಮರೆತು ಹೋದವರಿದ್ದಾರೆ. ನಾನು ಒಂದು ಕಣ್ಣು ಮರೆತುಬಂದೆ, ಅಷ್ಟೇ ತಾನೆ," ಎಂದು ಮನೆಗೆ ಬಂದು ಹೆಂಡತಿಯನ್ನು ನಗಿಸಿದ. ಅವನು ಇದನ್ನು ಎಷ್ಟು ಹಗುರಾಗಿ ತೆಗೆದುಕೊಂಡನಲ್ಲ ಎಂದು ನೆಂಟರಿಷ್ಟರೆಲ್ಲ ಮೆಚ್ಚಿದರು. ಹೆಂಡತಿಯೂ ಹಾಗೇ ಅಂದುಕೊಂಡಳು.

ಹೆಂಡತಿ ಟೈಲರು. ಅವರ ಮನೆ ಮೂರನೇ ಮಹಡಿಯಲ್ಲಿ. ಬೀದಿಯ ಕಡೆಯ ಕಿಟಕಿಯ ಕೆಳಗೆ ಅವಳ ಹೊಲಿಗೆ ಮೆಷಿನ್ನು, ಪಕ್ಕದಲ್ಲಿ ಕತ್ತರಿಸುವ ಮೇಜು, ಗೋಡೆಯುದ್ದಕ್ಕೂ ಹ್ಯಾಂಗರಿಗೆ ನೇತುಬಿದ್ದ ಶಾಲೆಯ ಸಮವಸ್ತ್ರಗಳು. ಬಾಗಿಲಾಚೆ ಎಲ್ಲ ಮನೆಗಳಿಗೂ ಸೇರಿದ ಉದ್ದನೆಯ ಓಣಿಯಂಥ ಪಡಸಾಲೆ. ಭಾನುವಾರ ಸಂಜೆ ಆ ಪಡಸಾಲೆ ಅಪ್ಪ ಮಗಳದ್ದು. ಮಗಳನ್ನು ಎಲ್ಲರೂ ಚೂಟಿ ಎಂದು ಕರೆಯುತ್ತಿದ್ದರು. ಇಬ್ಬರಿಗೂ ಒಂದೊಂದು ಡಾರ್ಟ್ ಗನ್ನು. ಬೆರಳುದ್ದದ ಸ್ಪಂಜಿನ ಗುಂಡು ಹಾರಿಸುವ, ಕಡುನೀಲಿ ಪ್ಲಾಸ್ಟಿಕ್ಕಿನ ಆಟಿಕೆ. ಕೆಳಮಹಡಿಯಲ್ಲಿದ್ದ ಡ್ರೈವರನ ತಮ್ಮ, ವೈರಿಂಗ್ ಕೆಲಸದವನು, ತನ್ನ ಗನ್ನು ಹೆಗಲಿಗೇರಿಸಿಕೊಂಡು ಮೇಲೆ ಬರುತ್ತಿದ್ದ. ಪಡಸಾಲೆಯ ಕೊನೆಯಲ್ಲಿ ಸ್ಟೂಲಿನ ಮೇಲೆ ಪ್ಲಾಸ್ಟಿಕ್ ಲೋಟಗಳ ಸಾಲು. ಮನುಷ್ಯರ ಮೇಲೆ ಹೊಡೆಯುವಂತಿಲ್ಲ, ಅದು ಟೈಲರಮ್ಮ ಹಾಕಿದ ಕಾನೂನು. ಹೆಚ್ಚು ಲೋಟ ಬೀಳಿಸಿದವರು ಗೆದ್ದ ಹಾಗೆ. ಗೆಲ್ಲುತ್ತಿದ್ದವನು ಯಾವಾಗಲೂ ಡ್ರೈವರನೇ. ಗೆದ್ದವನು ತೆಪ್ಪಗಿರಬಾರದೇ? ತಮ್ಮನ ಮುಂದೆ ಕಾಲರ್ ಎತ್ತಿಕೊಂಡು ಓಡಾಡುತ್ತಿದ್ದ.

ಕಣ್ಣು ಹೋದ ಮೇಲಿನ ಮೊದಲ ಆಟದಲ್ಲಿ ಅವನಿಂದ ಒಂದು ಲೋಟವೂ ಬೀಳಲಿಲ್ಲ. ಗನ್ನಿನ ಹಿಂತುದಿಯನ್ನು ಬಲಭುಜಕ್ಕೆ ಆನಿಸಿ, ಕೆನ್ನೆ ತಾಗಿಸಿ, ಬಲಗಣ್ಣಿನಲ್ಲಿ ಗುರಿ ಹಿಡಿಯುವುದು ಅವನ ರೂಢಿ. ಈಗ ಆ ಕಣ್ಣಿನಲ್ಲಿ ಏನಿದೆ, ಬರೀ ಬೂದು. ಎಡಭುಜಕ್ಕೆ ಬದಲಾಯಿಸಿ ನೋಡಿದ, ಕೈಗಳು ಒಪ್ಪಲಿಲ್ಲ. ಕತ್ತು ಕೊಂಕಿಸಿ ಎಡಗಣ್ಣನ್ನು ಗನ್ನಿನ ಮೇಲೆ ತರಲು ಹೋದ, ಗುಂಡು ಸೂರಿಗೆ ಬಡಿಯಿತು. ಚೂಟಿ ಬಿದ್ದು ಬಿದ್ದು ನಕ್ಕಳು, ಅವನೂ ನಕ್ಕ.

ಮುಂದಿನ ವಾರ ತಮ್ಮನ ಗುರಿಯೂ ಯಾಕೋ ತಪ್ಪತೊಡಗಿತು. ಎದುರಿಗಿದ್ದ ಲೋಟವನ್ನು ಬಿಟ್ಟು ಗೋಡೆಗೆ ಹೊಡೆದ. "ಅಯ್ಯೋ, ಇವತ್ತು ನಂದೂ ಕೈ ಕೊಡ್ತಿದೆ ಅಣ್ಣ," ಎಂದ. ಡ್ರೈವರ ತಮ್ಮನ ಮುಖವನ್ನೇ ನೋಡಿದ. ಗನ್ನನ್ನು ಮೆಲ್ಲಗೆ ಕೆಳಗಿಟ್ಟು, "ಸೊಂಟ ಹಿಡ್ಕೊಂಡಿದೆ, ನೀವು ಆಡಿ," ಎಂದು ಒಳಗೆ ಹೋದ. ಆ ಗನ್ನು ಕಪಾಟಿನ ಮೇಲೆ ಸೇರಿತು. ಚೂಟಿ ಆಟಕ್ಕೆ ಕರೆದಾಗಲೆಲ್ಲ ಅವನಿಗೆ ಸೊಂಟ ಹಿಡಿಯುತ್ತಿತ್ತು. ಕೊನೆಗೆ ಅವಳು ಕರೆಯುವುದನ್ನೇ ಬಿಟ್ಟಳು.

ಹಲ್ಲಿನ ಸೆಟ್ಟಿನಂಥ ಜೋಕುಗಳೂ ನಿಂತವು. ಡ್ರೈವರ ಕೆಲಸದಿಂದ ಬಂದು, ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತು, ಕೇಳಿದ್ದಕ್ಕೆ ಹೂಂ, ಉಹೂಂ ಅನ್ನುತ್ತಿದ್ದ. ಟೈಲರಮ್ಮ ಕೆದಕಿ ಕೇಳಿದಳು. "ನಂಗೇನಾಗಿದೆ? ಚೆನ್ನಾಗೇ ಇದ್ದೀನಲ್ಲ," ಎಂದ.

ಒಂದು ದಿನ ಅವನು ಕೆಲಸಕ್ಕೆ, ಮಗಳು ಶಾಲೆಗೆ ಹೋದ ಮೇಲೆ, ಅವಳು ಕುರ್ಚಿ ಹತ್ತಿ ಆ ಗನ್ನನ್ನು ಕೆಳಗಿಳಿಸಿ ಧೂಳು ಒರೆಸಿದಳು. ಅಲ್ಲಿಯವರೆಗೆ ಅದನ್ನು ಕೈಯಲ್ಲಿ ಹಿಡಿದವಳೇ ಅಲ್ಲ. ಮೆಷಿನ್ನಿನ ಪೆಡಲ್ ಕೆಳಗೆ ಸ್ಪಂಜಿನ ಗುಂಡು ಸಿಕ್ಕಿದಾಗ ಬೈಯುವುದಷ್ಟೇ ಅವಳ ಪಾಲಿನ ಆಟವಾಗಿತ್ತು. ಈಗ ಗಂಡನ ಹಾಗೇ ಭುಜಕ್ಕಿಟ್ಟು, ಬಲಗಣ್ಣು ಮುಚ್ಚಿ ನೋಡಿದಳು. ಎಡಗಣ್ಣಿಗೆ ಕಾಣುವುದು ಗನ್ನಿನ ಪಕ್ಕೆ ಮಾತ್ರ. ಗುರಿ ಹಿಡಿಯಲು ಅಲ್ಲಿ ಏನೂ ಇಲ್ಲ.

ಮುಚ್ಚಿದ ಕಣ್ಣು ಮತ್ತೆ ಮತ್ತೆ ತೆರೆದುಕೊಳ್ಳುತ್ತಿತ್ತು. ಕತ್ತರಿಸಿ ಉಳಿದ ಕಪ್ಪು ಅಸ್ತರು ಬಟ್ಟೆಯ ಪಟ್ಟಿಯೊಂದನ್ನು ತೆಗೆದು ಬಲಗಣ್ಣಿನ ಮೇಲೆ ಬಿಗಿಯಾಗಿ ಕಟ್ಟಿಕೊಂಡಳು. ಇರಲಿ, ಇವತ್ತು ಕೆಲಸವೂ ಹೀಗೇ ಆಗಲಿ ಎಂದು ಮೆಷಿನ್ನಿನ ಮುಂದೆ ಕೂತಳು. ನಿದ್ದೆಗಣ್ಣಲ್ಲೂ ಸೂಜಿಗೆ ದಾರ ಪೋಣಿಸುವ ಕೈ ಅವಳದ್ದು. ದಾರ ಸೂಜಿಯ ಹಿಂದೆ ಹೋಯಿತು, ಮುಂದೆ ಬಂತು, ಸೂಜಿಗಣ್ಣಿಗೆ ಮಾತ್ರ ಹೋಗಲಿಲ್ಲ. ಸಿಟ್ಟು ಬಂದು ಎದ್ದವಳ ತೋಳು ಬಾಗಿಲ ಚೌಕಟ್ಟಿಗೆ ಬಡಿಯಿತು. ಅಡುಗೆಮನೆಯಲ್ಲಿ ಟೀ ಬಗ್ಗಿಸಿದರೆ ಅರ್ಧ ಲೋಟದೊಳಗೆ, ಅರ್ಧ ಕಟ್ಟೆಯ ಮೇಲೆ.

ಟೀ ಹರಿದು ನೆಲಕ್ಕೆ ತೊಟ್ಟಿಕ್ಕುತ್ತಿದ್ದರೂ ಅವಳು ಒರೆಸದೆ ನಿಂತೇ ಇದ್ದಳು. ಗಂಡ ಈಚೆಗೆ ನೀರು ಬಗ್ಗಿಸುವ ಮೊದಲು ಲೋಟದ ಅಂಚನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದ. ಇದೇನು ಹೊಸ ಚಾಳಿ ಎಂದು ಅವಳೇ ಒಮ್ಮೆ ರೇಗಿಸಿದ್ದಳು. ಅವನ ಬಲತೋಳಿನ ಮೇಲೆ ನೀಲಿಗಟ್ಟಿದ ಗುರುತು ಕಂಡು ಏನಿದು ಅಂದಾಗ, ಬಸ್ಸಿನ ಬಾಗಿಲು ತಾಗಿತು ಅಂದಿದ್ದ. ಗೋಡೆಯ ಪಕ್ಕದ ಕುರ್ಚಿ ಯಾಕೆ ಬೇಕಾಯಿತು ಎಂಬುದೂ ಈಗ ತಿಳಿಯಿತು. ಗೋಡೆ ಅವನ ಬಲಕ್ಕಿತ್ತು. ಅಲ್ಲಿಂದ ಯಾರೂ ಗೊತ್ತಾಗದ ಹಾಗೆ ಬರಲಾರರು.

ಪಟ್ಟಿ ಕಟ್ಟಿಕೊಂಡೇ ಅವಳು ಮೇಜಿನ ಮುಂದೆ ಕೂತು ಗನ್ನನ್ನು ತಿರುಗಿಸಿ ಮುರುಗಿಸಿ ನೋಡಿದಳು. ಹೋದ ಕಣ್ಣನ್ನು ಯಾರೂ ತಂದುಕೊಡಲಾರರು. ಆದರೆ ಗುರಿಯನ್ನೇ ಎಡಗಣ್ಣಿನ ಮುಂದಕ್ಕೆ ಸರಿಸಿದರೆ? ಉಡುಪು ಮೈಗೆ ಒಗ್ಗದಿದ್ದರೆ ಬಿಚ್ಚಿ ಹೊಲಿಯಬೇಕಾದದ್ದು ಉಡುಪನ್ನು, ಮೈಯನ್ನಲ್ಲ. ಅವಳು ದಿನಾ ಮಾಡುವ ಕೆಲಸವೇ ಅದು.

ಹಳೆಯ ಪ್ಲಾಸ್ಟಿಕ್ ಸ್ಕೇಲೊಂದನ್ನು ಎರಡು ತುಂಡು ಮಾಡಿ, ಗನ್ನಿನ ಬೆನ್ನ ಮೇಲೆ ಹಿಂದೊಂದು ಮುಂದೊಂದು, ಎಡಕ್ಕೆ ರೆಕ್ಕೆಯಂತೆ ಚಾಚಿಕೊಳ್ಳುವ ಹಾಗೆ ಅಂಟಿಸಿದಳು. ಹಿಂದಿನ ತುಂಡಿನ ಮೇಲೆ ಮೆಷಿನ್ನಿನ ದಾರ ಸುತ್ತುವ ಖಾಲಿ ಬಾಬಿನ್ನನ್ನು ನಿಲ್ಲಿಸಿದಳು, ನಡುವಿನ ತೂತಿನಿಂದ ನೋಡಬಹುದು. ಮುಂದಿನ ತುಂಡಿಗೆ ಕೆಂಪು ಮಣಿಯ ತಲೆಯ ಗುಂಡುಪಿನ್ನು. ತೂತಿನೊಳಗೆ ಮಣಿ, ಮಣಿಯ ಮೇಲೆ ಲೋಟ, ಇಷ್ಟು ಕೂಡಿ ಬಂದರೆ ಸಾಕು.

ಅಂಟು ಒಣಗಿದ ಮೇಲೆ ಗುಂಡು ತುಂಬಲು ಮೇಲಿನ ಹಿಡಿಯನ್ನು ಎಳೆದರೆ ಹಿಡಿ ಸ್ಕೇಲಿಗೆ ತಗುಲಿ ರೆಕ್ಕೆಯೆರಡೂ ಪಟಾರನೆ ಕಿತ್ತುಬಂದವು. ಎರಡನೇ ಸಲ ಬೆನ್ನು ಬಿಟ್ಟು ಎಡಪಕ್ಕೆಗೆ ಅಂಟಿಸಿ, ಸುತ್ತ ದಪ್ಪ ದಾರ ಬಿಗಿದಳು. ಅಷ್ಟರಲ್ಲಿ ಚೂಟಿ ಶಾಲೆಯಿಂದ ಬಂದಳು. ಬಾಗಿಲಲ್ಲೇ ಬ್ಯಾಗು ಜಾರಿತು.

"ಅಮ್ಮಾ! ಏನು ವೇಷ ಇದು? ನೀನು ಗನ್ನು ಮುಟ್ಟಿದ್ಯಾ?"

"ಮುಟ್ಟಿದ್ದೇನು, ಆಪರೇಷನ್ನೇ ಮಾಡಿದ್ದೀನಿ. ಬಾ, ಲೋಟ ಜೋಡಿಸು."

ತಾಯಿ ಹೊಡೆದ ಮೊದಲ ಗುಂಡು ಲೋಟದ ಬಲಕ್ಕೆ ಹೋಗಿ ಕೆಳಗೆ ಬಿತ್ತು. ಎರಡನೆಯದೂ ಅಲ್ಲೇ. ಇನ್ನೊಂದು, ಹಳೆಯ ಸೊಟ್ಟ ಗುಂಡು, ಗಾಳಿಯಲ್ಲಿ ಡೊಂಕಾಗಿ ಹೋಗಿ ಪಕ್ಕದ ಮನೆಯವರು ಒಣಗಲು ಹಾಕಿದ್ದ ಕಾಲುಚೀಲದ ಮೇಲೆ ಕೂತಿತು.

"ಯಾವಾಗ್ಲೂ ಬಲಕ್ಕೇ ಹೋಗ್ತಿದೆ ಕಣಮ್ಮ," ಎಂದಳು ಚೂಟಿ. "ನೀನು ನೋಡೋದು ಒಂದು ದಾರಿ, ಗುಂಡು ಹೋಗೋದು ಪಕ್ಕದ ದಾರಿ. ಎರಡೂ ಲೋಟದ ಹತ್ರ ಸೇರ್ಬೇಕಲ್ವಾ?"

ಹೌದಲ್ಲ! ಟೈಲರಮ್ಮ ಮುಂದಿನ ಪಿನ್ನನ್ನು ಗನ್ನಿನ ಕೊಳವೆಯ ಕಡೆಗೆ ಕೂದಲೆಳೆಯಷ್ಟು ಸರಿಸಿದಳು. ಗುಂಡು ಲೋಟದ ನೇರಕ್ಕೆ ಬಂತು, ಆದರೆ ಸ್ಟೂಲಿನ ಕಾಲಿಗೆ ಬಡಿಯಿತು. ಪಿನ್ನನ್ನು ಕೆಳಕ್ಕೆ ತಳ್ಳಿದಳು. ಮಣಿ ತಗ್ಗಿದ್ದಕ್ಕೆ ಗುರಿ ಹಿಡಿಯುವಾಗ ಗನ್ನಿನ ಮೂತಿ ಮೇಲಕ್ಕೆದ್ದಿತು. ಈ ಸಲ ಲೋಟ ಟಪ್ಪೆಂದು ಉರುಳಿತು. ತಾಯಿ ಮಗಳು ಕಿರುಚಿದ ಕಿರುಚಾಟಕ್ಕೆ ಕಾಲುಚೀಲದ ಮನೆಯಾಕೆ ಬಾಗಿಲು ತೆರೆದು ಏನಾಯಿತೆಂದು ಕೇಳಿದಳು.

ಸಂಜೆ ಡ್ರೈವರ ಬಂದಾಗ ಗನ್ನು ಮೇಜಿನ ಮೇಲಿತ್ತು. ಚೂಟಿ ಕುಣಿಯುತ್ತಾ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಅವನು ಬಾಬಿನ್ನನ್ನು ನೋಡಿದ, ಪಿನ್ನನ್ನು ನೋಡಿದ. ಹುಬ್ಬು ಗಂಟಿಕ್ಕಿತು.

"ನಾನೇನು ಮಗುನಾ? ಸಮಾಧಾನಕ್ಕೆ ಗೊಂಬೆ ಮಾಡಿ ಕೊಡ್ತಿದ್ದೀಯಾ? ತಮ್ಮ ಬೇಕಂತಲೇ ಸೋತ. ನೀನು ಗನ್ನಿಗೇ ಕನ್ನಡಕ ಹಾಕಿದೆ. ಇನ್ನು ಯಾರ್ಯಾರ ಕನಿಕರ ಬಾಕಿ ಇದೆ?"

ಚೂಟಿಯ ಕುಣಿತ ನಿಂತಿತು. ಟೈಲರಮ್ಮ ಮಗಳನ್ನು ಚಿಕ್ಕಪ್ಪನ ಮನೆಗೆ ಕಳಿಸಿದಳು. ಆಮೇಲೆ ಕಪ್ಪು ಪಟ್ಟಿಯನ್ನು ಗಂಡನ ಮುಂದಿಟ್ಟಳು.

"ರೀ, ಬೆಳಿಗ್ಗೆಯಿಂದ ಇದನ್ನ ಕಟ್ಕೊಂಡಿದ್ದೆ. ಸೂಜಿ ಪೋಣಿಸೋಕಾಗ್ಲಿಲ್ಲ. ಟೀ ಎಲ್ಲ ಕಟ್ಟೆ ಮೇಲೆ ಚೆಲ್ದೆ. ಇಲ್ಲಿ ನೋಡಿ, ಬಾಗಿಲಿಗೆ ಬಡಿಸ್ಕೊಂಡೆ." ತೋಳು ತೋರಿಸಿದಳು. ಅವನ ತೋಳಿನಲ್ಲಿ ನೀಲಿಗಟ್ಟಿದ್ದ ಜಾಗದಲ್ಲೇ ಅವಳಿಗೂ ಕೆಂಪಗಾಗಿತ್ತು. "ನಿಮ್ಮ ಮೇಲೆ ಕನಿಕರ ಅಲ್ಲ. ನನ್ನ ಮೇಲೇ ಸಿಟ್ಟು ಬಂತು. ಇಷ್ಟು ದಿನ ಒಂದೇ ಮನೇಲಿದ್ದು ನಂಗೇನೂ ಕಾಣ್ಲಿಲ್ವಲ್ಲ ಅಂತ."

ಅವನು ಪಟ್ಟಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

"ಕಟ್ಕೊಂಡು ಮೆಟ್ಟಿಲು ಇಳಿದ್ಯಾ?"

"ಇಲ್ಲ."

"ಸದ್ಯ, ಇಳೀಲಿಲ್ಲ. ಅದೇ ಎಲ್ಲಕ್ಕಿಂತ ಕಷ್ಟ. ಮೆಟ್ಟಿಲು ಇನ್ನೂ ಇದೆಯೋ, ಮುಗೀತೋ ಗೊತ್ತಾಗಲ್ಲ. ಇದೆ ಅಂತ ಕಾಲಿಟ್ರೆ ನೆಲ. ನೆಲ ಅಂತ ಇಟ್ರೆ... ಡಿಪೋದಲ್ಲಿ ಬಿದ್ದೆ ಕಣೇ. ಎಲ್ಲರೆದುರಿಗೆ. ನಾನು ಬಸ್ಸು ಓಡ್ಸೋದು ಕಲಿಸಿದ ಹುಡುಗರೇ ಓಡಿ ಬಂದು ಎತ್ತಿದ್ರು."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಹೆದರ್ತೀಯ. ನೀನು ಹೆದರಿದ್ರೆ ನಂಗೆ ಇನ್ನೂ ಹೆದರಿಕೆಯಾಗುತ್ತೆ."

ಅಷ್ಟು ಹೇಳಿದವನಿಗೆ ಮಾತು ನಿಲ್ಲಲಿಲ್ಲ. ರಸ್ತೆ ದಾಟುವಾಗ ಬಲಗಡೆಯಿಂದ ಬರುವ ಸೈಕಲ್ಲುಗಳು, ಯಾರೋ ಚಾಚಿದ ಕೈಯನ್ನು ಕುಲುಕಲು ಹೋಗಿ ಗಾಳಿಯನ್ನು ಹಿಡಿದದ್ದು, ಇರುವ ಒಂದು ಕಣ್ಣಿಗೂ ಏನಾದರೂ ಆದೀತೆಂದು ಬೆಳಿಗ್ಗೆ ಎದ್ದೊಡನೆ ಮೊದಲು ಕಿಟಕಿಯನ್ನು ನೋಡುವುದು. ಚೂಟಿಯನ್ನು ಕರೆತರಲು ಅವಳು ಹೊರಟಾಗ ಅವನೇ ಗನ್ನನ್ನು ಎತ್ತಿಕೊಂಡು ಬಾಬಿನ್ನಿನೊಳಗೆ ಇಣುಕಿದ.

"ಎಲ್ಲರೂ ಗುರಿ ಹಿಡಿಯೋದು ಒಂದು ಕಣ್ಣು ಮುಚ್ಚೇ ಅಲ್ವಾ," ಎಂದ ತನ್ನಷ್ಟಕ್ಕೆ. "ನಂಗೆ ಮುಚ್ಚೋ ಶ್ರಮ ಇಲ್ಲ."

ಭಾನುವಾರ ಆಟ ಶುರುವಾಗುವ ಮುಂಚೆ ಅವನು ತಮ್ಮನ ಕಿವಿ ಹಿಡಿದ. "ಬೇಕಂತ ಒಂದು ಗುಂಡು ತಪ್ಪಿಸಿದ್ರೂ ಇದನ್ನ ಕಿತ್ತು ಕೈಗೆ ಕೊಡ್ತೀನಿ."

"ಆಯ್ತು ಬಿಡಣ್ಣ, ಕಿವಿ ಬೇಕು ನಂಗೆ," ಎಂದ ತಮ್ಮ. ಅವನ ಕಣ್ಣಲ್ಲಿ ನೀರಾಡಿತು. ಕಿವಿ ನೋವಿಗೋ ಏನೋ.

ಡ್ರೈವರನ ಮೊದಲ ಗುಂಡುಗಳು ತಪ್ಪಿದವು. ಹೆಂಡತಿಯ ಕಣ್ಣಿನ ಅಳತೆಗೆ ಕೂರಿಸಿದ ಪಿನ್ನು ಅವನಿಗೆ ಹೊಂದಲಿಲ್ಲ. ಅವಳು ಮುಂದೆ ಬಂದಾಗ, "ತಾಳು," ಎಂದು ತಡೆದು ತಾನೇ ಪಿನ್ನು ಸರಿಸಿದ, ಹೊಡೆದ, ಮತ್ತೆ ಸರಿಸಿದ. ಆಮೇಲೆ ಕೊನೆಯ ಲೋಟ ಉರುಳಿತು. ಅದರ ಪಕ್ಕದ್ದೂ ಉರುಳಿತು. ಚೂಟಿ ಕೇಕೆ ಹಾಕುತ್ತಾ ಬಿದ್ದ ಲೋಟಗಳ ಹಿಂದೆ ಓಡಿದಳು. ಅವನು ಮಾತ್ರ ಕೆನ್ನೆಯನ್ನು ಗನ್ನಿನಿಂದ ತೆಗೆಯದೆ ಹಾಗೇ ಸ್ವಲ್ಪ ಹೊತ್ತು ನಿಂತಿದ್ದ.

ಆ ದಿನ ಗೆದ್ದವನು ತಮ್ಮ. ನಿಯತ್ತಾಗಿ ಆಡಿ, ಚೆನ್ನಾಗಿಯೇ ಗೆದ್ದ. ಇಷ್ಟು ವರ್ಷದ ಸೇಡೆಲ್ಲ ತೀರುವ ಹಾಗೆ ಕಾಲರ್ ಎತ್ತಿಕೊಂಡು ಪಡಸಾಲೆಯುದ್ದಕ್ಕೂ ನಡೆದ. "ಮುಂದಿನ ವಾರ ಬಾರೋ ಮಗನೇ, ನೋಡ್ಕೋತೀನಿ," ಎಂದ ಡ್ರೈವರ, ನಗುತ್ತಾ. ಚೂಟಿ ತನ್ನ ಗನ್ನಿಗೂ ಬಾಬಿನ್ನು ಬೇಕೆಂದು ಹಟ ಹಿಡಿದಳು. "ನಿನಗೆರಡು ಕಣ್ಣಿದೆಯಲ್ಲೇ," ಅಂದರೆ, "ಆದ್ರೂ ಅಪ್ಪಂದೇ ಚೆನ್ನಾಗಿದೆ," ಎಂದು ಮುಖ ಊದಿಸಿದಳು.

ಮಾರನೇ ಬೆಳಿಗ್ಗೆ ಟೈಲರಮ್ಮ ಹೊಲಿದ ಸಮವಸ್ತ್ರಗಳ ಗಂಟು ಹೊತ್ತು ಗಂಡನ ಜೊತೆಗೇ ಹೊರಟಳು. ಮೆಟ್ಟಿಲ ಬಳಿ ಮೇಲಿನ ಮನೆಯವರು, ಕೆಳಗಿನ ಮನೆಯವರು, ಶಾಲೆಯ ಮಕ್ಕಳು, ಎಲ್ಲರೂ ಹತ್ತಿ ಇಳಿಯುವ ಹೊತ್ತು. ಡ್ರೈವರ ಮೊದಲ ಮೆಟ್ಟಿಲ ಅಂಚಿನಲ್ಲಿ ನಿಂತ.

"ನನ್ನ ಬಲಗಡೆಗೆ ಬಾ," ಎಂದ. ದನಿ ತಗ್ಗಿಸಲಿಲ್ಲ.

ಅವಳು ಗಂಟನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿ ಆ ಕಡೆಗೆ ಬಂದಳು. ಅವನು ಅವಳ ಹೆಗಲ ಮೇಲೆ ಕೈಯಿಟ್ಟ. ಇಬ್ಬರೂ ಇಳಿಯತೊಡಗಿದರು.