ಏರಿ ಇದ್ದ ಸಮುದ್ರ

ಖಾಜಾಸಾಬ್ ಅಕ್ಷರದ ಮನುಷ್ಯ. ಎಪ್ಪತ್ತೆಂಟನೆಯ ಇಸವಿಯ ಹೊತ್ತಿಗೆ ಕೊಟ್ಟೂರಿನ ಯಾವ ಬೀದಿಯಲ್ಲಿ ತಲೆ ಎತ್ತಿದರೂ ಅವನ ಕೈಬರಹವೇ ಕಾಣುತ್ತಿತ್ತು. ಕಿರಾಣಿ ಅಂಗಡಿಯ ಬೋರ್ಡು, ಲಾರಿಯ ಹಿಂದಿನ ನಂಬರು, ಹಿಟ್ಟಿನ ಗಿರಣಿಯ ಗೋಡೆಯ ಮೇಲಿನ ‘ಬೀಡಿ ಸೇದಬಾರದು’, ಎಲ್ಲ ಅವನದೇ. ನಾಲ್ಕು ಮಕ್ಕಳ ತಂದೆ. ಬೆಳಗಾದರೆ ಏಣಿ ಹೆಗಲಿಗೆ, ಸಂಜೆಯಾದರೆ ಸೀಮೆಎಣ್ಣೆಯಲ್ಲಿ ಕೈ ತೊಳೆದು ಊಟಕ್ಕೆ. ಇಷ್ಟರ ನಡುವೆ ಅವನಿಗೆ ಒಳಗೊಳಗೇ ಒಂದು ಆಸೆ ಇತ್ತು. ಒಂದಾದರೂ ಚಿತ್ರ ಬರೆಯಬೇಕು, ಅದರ ಮೂಲೆಯಲ್ಲಿ ತನ್ನ ಹೆಸರು ಹಾಕಬೇಕು. ಊರಿನ ಅರ್ಧ ಜನರ ಹೆಸರು ಬರೆದವನು ತನ್ನ ಹೆಸರನ್ನು ಎಲ್ಲಿಯೂ ಬರೆದಿರಲಿಲ್ಲ. ನಂಬರ್ ಪ್ಲೇಟಿಗೆ ಯಾರು ರುಜು ಹಾಕುತ್ತಾರೆ?

ಆ ಆಸೆಗೆ ದಾರಿ ಮಾಡಿಕೊಟ್ಟದ್ದು ಗೆದ್ದಲು. ಶಿವಯೋಗಪ್ಪನ ಫೋಟೋ ಸ್ಟುಡಿಯೋದಲ್ಲಿ ಗಿರಾಕಿಗಳ ಬೆನ್ನ ಹಿಂದೆ ಇಳಿಬಿಡುತ್ತಿದ್ದ ಪರದೆಯನ್ನು ಒಂದೇ ಮಳೆಗಾಲದಲ್ಲಿ ಗೆದ್ದಲು ತಿಂದು ಹಾಕಿತು. ಚಂದ್ರ, ಕಮಲದ ಕೊಳ, ಎರಡು ಹಂಸಗಳಿದ್ದ ಪರದೆ. ಹಂಸಗಳ ಕುತ್ತಿಗೆ ಮಾತ್ರ ಉಳಿದಿತ್ತು. ಹೊಸದನ್ನು ದಾವಣಗೆರೆಯಿಂದ ತರಿಸಬೇಕೆಂದು ಶಿವಯೋಗಪ್ಪ ಹೇಳುತ್ತಿದ್ದಾಗ ಖಾಜಾಸಾಬ್ ಮನೆಗೆ ಓಡಿ ಒಂದು ಬಿಸ್ಕತ್ತಿನ ಡಬ್ಬಿ ತಂದು ಅವನ ಮುಂದೆ ತೆರೆದಿಟ್ಟ.

ಡಬ್ಬಿಯ ತುಂಬ ಚಿತ್ರದ ಕಾರ್ಡುಗಳು. ಖಾಜಾಸಾಬನ ಹೆಂಡತಿ ಶರೀಫಾ ಬೀಯ ತಮ್ಮ ದಾವಲ್ ಸಾಬ್ ಕಳಿಸಿದಂಥವು. ಈ ದಾವಲ್ ಸಾಬ್ ಕೂಡ್ಲಿಗಿಯ ಗ್ಯಾರೇಜೊಂದರಲ್ಲಿ ಪಾನಾ ಹಿಡಿದು ಕೆಲಸ ಕಲಿತವನು. ಬೊಂಬಾಯಿಗೆ ಹೋಗಿ ಅಲ್ಲಿಂದ ಹಡಗಿನ ಫಿಟ್ಟರ್ ಆಗಿ ಹನ್ನೊಂದು ವರ್ಷವಾಗಿತ್ತು. ಹಡಗು ನಿಂತ ಊರಿನಿಂದೆಲ್ಲ ಅಕ್ಕನಿಗೆ ಒಂದೊಂದು ಕಾರ್ಡು ಹಾಕುತ್ತಿದ್ದ. ಜಿನೋವಾ, ನೇಪಲ್ಸ್, ಮಾರ್ಸೇಲ್ಸ್, ಎಲ್ಲ ಮೆಡಿಟರೇನಿಯನ್ ಸಮುದ್ರದ ದಂಡೆಯವು. ಹಿಂದುಗಡೆ ಬರೆಯುತ್ತಿದ್ದುದು ಒಂದೇ ಮಾತು: ನಾನು ಕ್ಷೇಮ, ಊರು ಚಂದ ಐತಿ. ಮುಂದುಗಡೆ ಮಾತ್ರ ಕಣ್ಣು ಕೀಳಲಾಗದಂಥ ನೀಲಿ ನೀರು, ಗುಡ್ಡಕ್ಕೆ ಅಂಟಿಕೊಂಡ ಸುಣ್ಣದ ಮನೆಗಳು, ತುದಿಯಲ್ಲೊಂದು ಹಳೆಯ ಕೋಟೆ.

ಶಿವಯೋಗಪ್ಪ ಕಾರ್ಡುಗಳನ್ನು ಒಂದೊಂದಾಗಿ ನೋಡಿದ. ಹಂಸ ಹರಪನಹಳ್ಳಿಯ ಸ್ಟುಡಿಯೋದಲ್ಲೂ ಇತ್ತು, ಹಡಗಲಿಯಲ್ಲೂ ಇತ್ತು. ಫಾರಿನ್ ಎಲ್ಲಿಯೂ ಇರಲಿಲ್ಲ. ಇದನ್ನ ಬರಿ ಅಂದ.

ಖಾಜಾಸಾಬ್ ಇಪ್ಪತ್ತೆರಡು ದಿನ ಬರೆದ. ಬೋರ್ಡಿನ ಕೆಲಸ ಮುಗಿಸಿ ಸ್ಟುಡಿಯೋಗೆ ಹೋಗಿ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಕುಂಚ ಹಿಡಿಯುತ್ತಿದ್ದ. ಮನೆಗಳು ಅವನಿಗೆ ಕಷ್ಟವೇ ಆಗಲಿಲ್ಲ. ಸುಣ್ಣ ಬಳಿದ ಗೋಡೆ, ಚಪ್ಪಟೆ ಮಾಳಿಗೆ, ಸಣ್ಣ ಕಿಟಕಿ. ತನ್ನ ಓಣಿಯನ್ನೇ ಎತ್ತಿ ಗುಡ್ಡದ ಮೇಲೆ ಇಟ್ಟ. ಕಾರ್ಡಿನ ಕೋಟೆ ಹೆಬ್ಬೆರಳಿನ ಉಗುರಿನಷ್ಟಿತ್ತು, ಏನೂ ಕಾಣುತ್ತಿರಲಿಲ್ಲ. ಹಾಗಾಗಿ ಅಜ್ಜನ ಊರಾದ ಗುಡೇಕೋಟೆಯ ಕೋಟೆಯನ್ನೂ ಅದರ ಬಂಡೆಗಳನ್ನೂ ಅಲ್ಲಿಗೆ ಸಾಗಿಸಿದ. ಮನೆಗಳ ನಡುವೆ ಮೇಲಕ್ಕೆ ಹತ್ತಿ ಹೋಗುವ ಕಲ್ಲಿನ ಮೆಟ್ಟಿಲು ಬಿಡಿಸಿದ. ನೀಲಿಗಂತೂ ಎಂಟು ದಿನ ಹಿಡಿಯಿತು. ಕಪ್ಪು ಬಿಳುಪು ಫೋಟೋದಾಗ ಬೂದಿ ಬಣ್ಣ ಕಾಣೋ ನೀರಿಗೆ ಇಷ್ಟು ನೀಲಿ ಯಾಕೆಂದು, ಅವನ ಕೈಗಂಟಿದ ಬಣ್ಣ ನೋಡಿ ಶರೀಫಾ ಬೀ ಮನೆಯಲ್ಲಿ ಕೇಳಿದಳು. ನಿಂತವರಿಗೆ ಕಾಣ್ತೈತಲ್ಲ, ಮುಖದಾಗ ಅದು ಬರ್ತೈತಿ ಅಂದ ಖಾಜಾಸಾಬ್.

ತೊಡಕು ಬಂದದ್ದು ಕೆಳಗಡೆ. ಕಾರ್ಡುಗಳಲ್ಲಿ ನೀರು ಅಂಚಿನವರೆಗೂ ಬಂದು ಅಲ್ಲಿಗೇ ಕತ್ತರಿಸಿಹೋಗಿತ್ತು. ಪರದೆ ಹಾಗಲ್ಲ, ಅದರ ಬುಡ ಸ್ಟುಡಿಯೋದ ನೆಲಕ್ಕೆ ತಾಗುತ್ತಿತ್ತು. ಅಷ್ಟು ನೀರು ಈಚೆ ಹರಿದುಬರದಂತೆ ಏನಾದರೂ ತಡೆಯಬೇಕಲ್ಲ. ಹುಟ್ಟಿದಾಗಿನಿಂದ ಅವನು ನೋಡಿದ ದೊಡ್ಡ ನೀರೆಲ್ಲ ಕೆರೆಯ ನೀರು, ಕೆರೆಯ ನೀರೆಲ್ಲ ಏರಿಯ ಹಿಂದೆ ನಿಂತದ್ದು. ಆದ್ದರಿಂದ ಸಮುದ್ರಕ್ಕೊಂದು ಏರಿ ಕಟ್ಟಿದ, ಒಳಮೈಗೆ ದಪ್ಪ ದಪ್ಪ ಕಲ್ಲು ಹೊಂದಿಸಿದ. ಏರಿ ಅಂದಮೇಲೆ ನೀರು ಬಿಡಲು ತೂಬು ಬೇಕೇ ಬೇಕು. ಬಲಗಡೆ ಎರಡು ಕಲ್ಲುಕಂಬ ನಿಲ್ಲಿಸಿ, ಮೇಲೊಂದು ತೊಲೆ ಅಡ್ಡ ಹಾಕಿ ತೂಬನ್ನೂ ಬರೆದ. ತೂಬಿನ ಕೆಳಗಿನ ಮೂಲೆಯಲ್ಲಿ ಹೆಸರಿಗೆಂದು ಅಂಗೈಯಗಲ ಜಾಗ ಖಾಲಿ ಬಿಟ್ಟ. ಪರದೆ ಇಲ್ಲೇ ಉಳಿಯುತ್ತದೆ ಅಂತ ಗಟ್ಟಿಯಾದ ಮೇಲೆ ಬರೆದರಾಯಿತು ಅನ್ನಿಸಿತು.

ಜನ ಬಂದರು. ಫೋಟೋ ಬೇಕಿಲ್ಲದವರೂ ನೋಡಲು ಬಂದರು. ಗಂಡಸರು ಮೆಟ್ಟಿಲ ಮುಂದೆ ನಿಂತು, ಈಗಷ್ಟೇ ಇಳಿದು ಬಂದವರಂತೆ ಸೊಂಟಕ್ಕೆ ಕೈ ಕೊಡುತ್ತಿದ್ದರು. ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ನೀರಿನ ಕಡೆ ನಿಲ್ಲು ಅಂದಾಗ ಸೀರೆಯ ನೆರಿಗೆ ತುಸು ಎತ್ತಿ ಹಿಡಿದಳು. ಎಲ್ಲರಿಗಿಂತ ಮಿಗಿಲು ಸೊಪ್ಪು ಮಾರುವ ಹಂಪಕ್ಕ. ಎಪ್ಪತ್ತು ದಾಟಿದವಳು, ಮೊಮ್ಮಗಳ ವರಾನ್ವೇಷಣೆಯ ಫೋಟೋಕ್ಕೆ ಬಂದಿದ್ದಳು. ಪರದೆ ನೋಡಿದವಳೇ ಚಪ್ಪಲಿ ಬಾಗಿಲ ಹೊರಗೆ ಬಿಟ್ಟು ಬಂದು, ಹೊಸ ನೀರು ಕಂಡಾಗ ಮಾಡುವಂತೆ ಕೈಮುಗಿದು, ಸೊಂಟದ ಚೀಲದಿಂದ ಅರಿಶಿನ ಕುಂಕುಮ ತೆಗೆದು ನೀಲಿಯ ಮೇಲೆ ಹಚ್ಚಿಬಿಟ್ಟಳು. ಶಿವಯೋಗಪ್ಪ ಹಾ ಹಾ ಅನ್ನುವಷ್ಟರಲ್ಲಿ ಆಗಿಹೋಗಿತ್ತು.

“ಬಟ್ಟಿ ಅದು ಹಂಪಕ್ಕ, ನೀರಲ್ಲ,” ಅಂದ ಅವನು.

“ಗೊತ್ತೈತಪಾ. ನಿನ್ ಅಂಗಡ್ಯಾಗ ಗೋಡಿಗೆ ತೂಗುಹಾಕಿದ ದೇವರ ಪಟ ಏನು, ಬಂಗಾರದ್ದಾ? ಅದಕ್ಕೆ ದಿನಾ ಊದಿನಕಡ್ಡಿ ಹಚ್ತೀಯಲ್ಲ.”

ಖಾಜಾಸಾಬ್ ಆ ಕಲೆಯನ್ನು ಅಳಿಸಲಿಲ್ಲ. ಅವನಿಗೆ ಯಾರೂ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಕೊಟ್ಟಿರಲಿಲ್ಲ.

ಹೀಗೆ ತಿಂಗಳು ಕಳೆಯಿತು. ಮೂಲೆಯಲ್ಲಿ ಹೆಸರು ಬರೆಯಲು ಸಣ್ಣ ಕುಂಚವನ್ನು ತೊಳೆದಿಟ್ಟುಕೊಂಡ ದಿನವೇ ಹೈಸ್ಕೂಲಿನ ಭೂಗೋಳದ ಮಾಸ್ತರು ಸೋಮಪ್ಪನವರು ಪಾಸ್‌ಪೋರ್ಟ್ ಅಳತೆಯ ಫೋಟೋಕ್ಕೆ ಬಂದರು. ಕುರ್ಚಿಯಲ್ಲಿ ಕೂರದೆ ಪರದೆಯ ಮುಂದೆ ನಿಂತು ಕನ್ನಡಕ ಸರಿಮಾಡಿಕೊಂಡರು.

“ಮೆಡಿಟರೇನಿಯನ್ ಸಮುದ್ರ ಅಂತೀಯಲ್ಲ ಖಾಜಾಸಾಬ್. ಸಮುದ್ರಕ್ಕ ಏರಿ ಕಟ್ಟಿದವರು ಯಾರು?”

ಮಾಸ್ತರು ತೂಬನ್ನು ನೋಡಿದರು, ನಕ್ಕರು. ಅದನ್ನು ಎತ್ತಿದರೆ ಯಾವ ಊರಿನ ಗದ್ದೆಗೆ ನೀರು ಹೋಗುತ್ತದೆ ಎಂದು ಕೇಳಿದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಮಾರನೆಯ ದಿನ ಅವರ ಕ್ಲಾಸಿನ ಹುಡುಗರು ಗುಂಪಾಗಿ ಬಂದು ತೂಬು ನೋಡಿ ನಕ್ಕು ಹೋದರು. ಅದರ ಮರುದಿನ ಫೋಟೋಕ್ಕೆ ಬಂದವರೂ ಮೊದಲು ತೂಬನ್ನೇ ಹುಡುಕತೊಡಗಿದರು. ಶಿವಯೋಗಪ್ಪನ ಮುಖ ಸಪ್ಪಗಾಯಿತು. ತಾನು ಊರಿಗೆಲ್ಲ ಫಾರಿನ್ ಎಂದು ಸಾರಿದ್ದ, ಈಗ ಅದು ಕೆರೆ ಅಂತಾದರೆ ಹಂಸಗಳೇ ವಾಸಿಯಾಗಿದ್ದವು. ಕೊನೆಗೆ ಅವನು ಒಂದು ತೀರ್ಮಾನಕ್ಕೆ ಬಂದ. ದಾವಲ್ ಸಾಬ್ ರಜೆಗೆ ಬರುವವನಿದ್ದಾನಲ್ಲ, ಕಂಡವನು ಅವನೇ, ಅವನೇ ಹೇಳಲಿ. ಹೌದು ಅಂದರೆ ಪರದೆ ಇರುತ್ತದೆ. ಅಲ್ಲ ಅಂದರೆ ದಾವಣಗೆರೆಗೆ ಬರೆದು ಹಾಕುವುದೇ ಸರಿ.

“ಮತ್ತ ಇದನ್ನ ಏನ್ ಮಾಡ್ತೀರಿ?” ಎಂದು ಕೇಳಿದ ಖಾಜಾಸಾಬ್.

“ಶೇಂಗಾ ರಾಶಿ ಮುಚ್ಚಾಕ ಬೇಕಾಗ್ತೈತಿ,” ಅಂದ ಶಿವಯೋಗಪ್ಪ. ಅವನಿಗೆ ಸುತ್ತುಬಳಸಿ ಮಾತಾಡಲು ಬರುತ್ತಿರಲಿಲ್ಲ.

ದಾವಲ್ ಸಾಬ್ ಹೊಸಪೇಟೆಯ ರೈಲಿನಲ್ಲಿ ಬಂದಿಳಿದ. ಅಕ್ಕನಿಗೆ ಸೋಪು, ಮಕ್ಕಳಿಗೆ ಬಣ್ಣಬಣ್ಣದ ಪೆನ್ಸಿಲು, ಭಾವನಿಗೆ ಬ್ಯಾಟರಿ. ಎರಡು ದಿನ ನಿದ್ದೆ ಹೊಡೆದ, ಮೂರನೆಯ ದಿನ ಜೋಳದ ರೊಟ್ಟಿ ಎಷ್ಟು ತಿಂದನೋ ಲೆಕ್ಕವಿಲ್ಲ. ಸ್ಟುಡಿಯೋದ ಮಾತೆತ್ತಿದರೆ ಮಾತ್ರ ಅವನಿಗೆ ಬೇರೆ ಕೆಲಸ ನೆನಪಾಗುತ್ತಿತ್ತು. ಒಂದು ದಿನ ಹಗರಿಬೊಮ್ಮನಹಳ್ಳಿಯ ಗೆಳೆಯನನ್ನು ನೋಡಬೇಕು, ಇನ್ನೊಂದು ದಿನ ಹಲ್ಲು ನೋವು. ಪರದೆಯನ್ನು ಯಾರೋ ಅವನಿಗೆ ಆಗಲೇ ಬಣ್ಣಿಸಿದ್ದಾರೆ, ಮುಖಕ್ಕೆ ಹೊಡೆದಂತೆ ಸುಳ್ಳು ಎನ್ನಲು ನಾಚುತ್ತಿದ್ದಾನೆ ಎಂದು ಖಾಜಾಸಾಬ್ ತಿಳಿದ. ತೂಬನ್ನು ಅಳಿಸಿಬಿಡಲೇ ಎಂದು ಒಮ್ಮೆ ಕುಂಚ ತೆಗೆದುಕೊಂಡು ಹೋಗಿ, ಪರದೆಯ ಮುಂದೆ ನಿಂತು ವಾಪಸ್ಸು ಬಂದ. ಅಳಿಸಿದರೆ ತಪ್ಪೊಪ್ಪಿಕೊಂಡಂತಾಗುತ್ತಿತ್ತು.

ಕೊನೆಗೆ ಶರೀಫಾ ಬೀಯೇ ತಮ್ಮನ ಕೈಹಿಡಿದು ಹೊರಡಿಸಿದಳು. ಅವಳೂ ಪರದೆಯನ್ನು ಅದುವರೆಗೆ ನೋಡಿರಲಿಲ್ಲ. ನಾಲ್ಕು ಮಕ್ಕಳ ಮನೆಯಲ್ಲಿ ಪುರುಸೊತ್ತು ಎಲ್ಲಿಂದ ಬರಬೇಕು.

ಸುದ್ದಿ ತಿಳಿದು ಸೋಮಪ್ಪ ಮಾಸ್ತರು ಅಟ್ಲಾಸ್ ಹಿಡಿದೇ ಬಂದಿದ್ದರು. ಹಂಪಕ್ಕ ಸೊಪ್ಪಿನ ಬುಟ್ಟಿಯನ್ನು ಬಾಗಿಲಲ್ಲಿಟ್ಟು ಒಳಗೆ ಕೂತಿದ್ದಳು. ಶಿವಯೋಗಪ್ಪ ದೀಪಗಳನ್ನು ಹಾಕಿದ. ನೀಲಿ ಒಮ್ಮೆಗೇ ಹೊತ್ತಿಕೊಂಡಿತು.

ದಾವಲ್ ಸಾಬ್ ಬಹಳ ಹೊತ್ತು ನೋಡಿದ. ಕೋಟೆ, ಮನೆ, ಮೆಟ್ಟಿಲು. ಅವನ ಕಣ್ಣು ಏರಿಗೆ ಬಂದಾಗ ಖಾಜಾಸಾಬ್ ನೆಲ ನೋಡತೊಡಗಿದ.

“ಕಲ್ಲಿನ ಒಡ್ಡು ಇರ್ತೈತ್ರಿ,” ಅಂದ ದಾವಲ್ ಸಾಬ್. “ಬಂದರದಾಗ ತೆರಿ ಹೊಡಿಬಾರದು ಅಂತ ಹಿಂಗ ಕಲ್ಲು ಪೇರಿಸಿ ಕಟ್ಟಿರ್ತಾರ. ಜಿನೋವಾದಾಗ ಇದರ ಹತ್ತರಷ್ಟು ಉದ್ದ ಐತಿ.”

ಶಿವಯೋಗಪ್ಪ ಮಾಸ್ತರ ಕಡೆ ನೋಡಿದ. ಮಾಸ್ತರು ಸುಲಭಕ್ಕೆ ಬಿಡುವವರಲ್ಲ. “ತೂಬು?”

“ತೂಬು ಇಲ್ರಿ. ಆ ಜಾಗದಾಗ ದೀಪದ ಗೋಪುರ ಇರ್ತೈತಿ.”

“ಅಲ್ಲಿಗೆ ಅರ್ಧ ನಂದು, ಅರ್ಧ ನಿಂದು ಆತು ಖಾಜಾಸಾಬ್,” ಅಂದರು ಮಾಸ್ತರು. ಅವರಿಗೆ ನಿಜವಾಗಿಯೂ ಖುಷಿಯಾಗಿತ್ತು. ಅಟ್ಲಾಸ್ ಮಡಿಚಿ ಕುರ್ಚಿ ಎಳೆದು ಕೂತು, ಇನ್ನು ಊರೊಳಗಿನದನ್ನು ಹೇಳು ಎಂದರು. ಆ ಮೆಟ್ಟಿಲು ಹತ್ತಿದರೆ ಏನು ಸಿಗುತ್ತದೆ, ಓಣಿ ಎಷ್ಟು ಅಗಲ, ಜನ ಸಂಜೆ ಎಲ್ಲಿ ಕೂರುತ್ತಾರೆ.

ದಾವಲ್ ಸಾಬ್ ಅಕ್ಕನ ಕಡೆ ನೋಡಿದ. ಅವಳು ಕೇಳಲು ಸೆರಗನ್ನು ಕಿವಿಯ ಹಿಂದೆ ಸರಿಸಿಕೊಂಡಿದ್ದಳು.

“ನಾ ನೋಡಿಲ್ರಿ,” ಅಂದ ಅವನು.

ಎಣ್ಣೆ ಕೂತ ಉಗುರುಗಳನ್ನು ಮುಂದೆ ಚಾಚಿ ತೋರಿಸಿದ.

“ಹಡಗು ನಡಿಯೋವಾಗ ಎಂಜಿನ್ ಬಿಚ್ಚಾಕ ಆಗಂಗಿಲ್ಲ. ಬಂದರದಾಗ ನಿಂತಾಗನ ನಮ್ಮ ಕೆಲಸ. ಉಳಿದವರು ಅಂಗಿ ಹಾಕ್ಕೊಂಡು ಊರು ನೋಡಾಕ ಹೋಗ್ತಾರ, ನಾವು ಎಣ್ಣಿ ಮೆತ್ಕೊಂಡು ಕೆಳಗ ಇರ್ತೀವಿ. ಕಾರ್ಡು ಮಾರಾವ ಹಡಗಿನ ಏಣಿ ಬುಡಕ್ಕ ಬರ್ತಾನ. ಅವನ ಹತ್ರ ಕೊಂಡು ಅಕ್ಕಗ ಕಳಸ್ತಿದ್ದೆ. ಅಕ್ಕನ ಗಂಡ, ಈ ದುಲಾಭಾಯ್ ಏನು ನೋಡ್ಯಾನೋ, ನಾನೂ ಅಷ್ಟ ನೋಡೀನಿ.”

ಹಲ್ಲು ನೋವು ಯಾಕೆ ಬಂದಿತ್ತೆಂದು ಆಗ ಖಾಜಾಸಾಬನಿಗೆ ತಿಳಿಯಿತು. ಸೋಲಬಹುದೆಂದು ತಾನೊಬ್ಬನೇ ಹೆದರಿದ್ದು ಅಂದುಕೊಂಡಿದ್ದ. ಇವನಿಗೂ ಹಾಗೇ ಆಗಿತ್ತು. ಹನ್ನೊಂದು ವರ್ಷ ಅಕ್ಕನ ಡಬ್ಬಿಯಲ್ಲಿ ಊರೂರು ತಿರುಗಿದವನು ಕೊಟ್ಟೂರಿನ ಸ್ಟುಡಿಯೋದಲ್ಲಿ ಸಿಕ್ಕಿಬಿದ್ದಿದ್ದ.

ಮೊದಲು ನಕ್ಕವಳು ಹಂಪಕ್ಕ. ನಾನೂ ದಿನಾ ಹಂಪಿ ಬಸ್ಸಿಗೆ ಕರಿಬೇವು ಮಾರ್ತೀನಿ, ಹಂಪಿ ನೋಡೀನೇನು ಅಂದಳು. ಆಮೇಲೆ ಶರೀಫಾ ಬೀ ನಕ್ಕಳು, ತಮ್ಮನ ಬೆನ್ನಿಗೆ ಒಂದು ಗುದ್ದಿದಳು. ನಗು ತಡೆಯಲಾರದೆ ಮಾಸ್ತರು ಕನ್ನಡಕ ತೆಗೆದರು.

“ಶಿವಯೋಗಪ್ಪಣ್ಣ, ನಂದೊಂದು ಫೋಟೋ ತಗೀರಿ,” ಅಂದ ದಾವಲ್ ಸಾಬ್. “ಅಲ್ಲಿ ನಿಂತದ್ದು ಒಂದೂ ಇಲ್ಲ ನನ್ನ ಹತ್ರ.”

ತೆಗೆದರು. ಮೆಟ್ಟಿಲ ಮುಂದೆ ದಾವಲ್ ಸಾಬ್, ಪಕ್ಕದಲ್ಲಿ ಸೆರಗು ಸರಿಮಾಡಿಕೊಂಡ ಶರೀಫಾ ಬೀ. ನೀರಿನ ಕಡೆ ನಿಲ್ಲಬೇಡಮ್ಮ, ಕುಂಕುಮ ಇನ್ನೂ ಹಸಿ ಐತಿ ಎಂದು ಹಂಪಕ್ಕ ಹೇಳಿದ್ದಕ್ಕೆ ಇಬ್ಬರೂ ನಕ್ಕು, ಫೋಟೋದಲ್ಲಿ ಬಾಯಿ ತೆರೆದೇ ಬಿದ್ದರು. ಪರದೆ ಇರಲಿ ಎಂದ ಶಿವಯೋಗಪ್ಪ. ಕಂಡವರು ಯಾರೂ ಇಲ್ಲ ಅಂದಮೇಲೆ ಸುಳ್ಳು ಅನ್ನೋರು ಯಾರು ಎಂಬುದು ಅವನ ವಾದ. ಖಾಜಾಸಾಬ್ ಸಣ್ಣ ಕುಂಚ ಮುಟ್ಟಲಿಲ್ಲ. ಕಂಡವರು ಇಲ್ಲದ್ದರಿಂದ ಉಳಿದ ಚಿತ್ರಕ್ಕೆ ಹೆಸರು ಹಾಕಲು ಅವನ ಕೈ ಬರಲಿಲ್ಲ. ತೂಬಿನ ತೊಲೆಯ ಮೇಲೆ ಒಂದು ದೀಪ ಮಾತ್ರ ಬರೆದ.

ದಾವಲ್ ಸಾಬ್ ಫೋಟೋ ತೆಗೆದುಕೊಂಡು ಹಡಗಿಗೆ ಹೋದ. ಐದು ತಿಂಗಳ ಮೇಲೆ ಕಾರ್ಡಿನ ಬದಲು ಒಂದು ಲಕೋಟೆ ಬಂತು. ಖಾಜಾಸಾಬ್ ಅದನ್ನು ಏಣಿಯ ಮೇಲೆ, ಅರ್ಧ ಬರೆದ ಬೋರ್ಡಿನ ಮುಂದೆ ಕೂತು ಓದಿದ.

“ದುಲಾಭಾಯ್, ಈ ಸಲ ದೊಡ್ಡ ಸಾಹೇಬನ ಮುಂದ ಫೋಟೋ ಇಟ್ಟು ಒಂದು ಸಂಜಿ ಬಿಡ್ರಿ ಅಂತ ಕೇಳಿದೆ. ಬಿಟ್ಟ. ಜಿನೋವಾದಿಂದ ರೈಲಿನಾಗ ಅರ್ಧ ತಾಸಿನ ಸಣ್ಣ ಊರಿಗೆ ಹೋದೆ. ಮೆಟ್ಟಿಲು ಅದಾವ. ನೀ ಬರೆದದ್ದಕ್ಕಿಂತ ಕಡಿದು, ಮೊಳಕಾಲು ನೋಯ್ತಾವ. ಓಣಿ ಎಷ್ಟು ಸಣ್ಣದಂದ್ರ ಎರಡು ಕಡಿ ಗೋಡಿಗೂ ಮೊಳಕೈ ತಾಗ್ತಾವ. ಅಡ್ಡ ಹಗ್ಗ ಕಟ್ಟಿ ಬಟ್ಟಿ ಒಣಗಿಸ್ಯಾರ, ನಮ್ಮಲ್ಲಿ ಹಂಗ. ಒಂದೊಂದು ಮೆಟ್ಟಿಲಿಗೆ ಒಂದೊಂದು ಬೆಕ್ಕು. ಬಾಗಿಲಾಗ ಒಬ್ಬಾಕಿ ಮುದುಕಿ ಅವರೆಕಾಯಿಯಂಥದ್ದು ಸುಲಿಯಾಕ ಹತ್ತಿದ್ಲು, ಕೈ ಮಾಡಿ ಕೂಡ್ಸಿ ನೀರು ಕೊಟ್ಲು. ನಾ ಫೋಟೋ ತೋರಿಸಿದೆ. ಬಾಳೊತ್ತು ನೋಡಿ, ತನ್ನ ಮಗಳನ್ನ ಕರದು ತೋರಿಸಿ, ಇದು ಯಾವ ಊರು ಅಂತ ಕೈಲೆ ಕೇಳಿದ್ಲು. ಕೊಟ್ಟೂರು ಅಂದೆ. ಹೌದು ಹೌದು ಅನ್ನಂಗ ತಲಿ ಹಾಕಿ, ಸಮುದ್ರದ ದಂಡಿಗುಂಟ ಆಕಡಿ ಬೆರಳು ಮಾಡಿ ತೋರಿಸಿದ್ಲು. ಮುಂದಿನ ಗುಡ್ಡ ದಾಟಿದ್ರ ಬರ್ತೈತಿ ಅಂದಂಗಿತ್ತು.”

ಖಾಜಾಸಾಬ್ ಕಾಗದವನ್ನು ಎರಡು ಸಲ ಓದಿ ಅಂಗಿಯ ಜೇಬಿಗಿಟ್ಟ. ಬೋರ್ಡಿನಲ್ಲಿ ‘ಶ್ರೀ ಮಂಜುನಾಥ ಹೋಟೆ’ ತನಕ ಬಂದಿತ್ತು. ‘ಲ್’ ನಾಳೆ ಬರೆಯುತ್ತೇನೆಂದು ಹೋಟೆಲಿನವನಿಗೆ ಹೇಳಿ, ಏಣಿಯನ್ನು ಅಲ್ಲೇ ಬಿಟ್ಟು, ಸ್ಟುಡಿಯೋಗೆ ನಡೆದ. ಮೆಟ್ಟಿಲು ಮೆಟ್ಟಿಲಿಗೂ ಒಂದೊಂದು ಬೆಕ್ಕು ಬರೆದ. ಒಟ್ಟು ಒಂಬತ್ತು. ಹಗ್ಗ ಕಟ್ಟಿ ಬಟ್ಟೆ ಒಣಗಿಸಿದ. ಆಮೇಲೆ ತೂಬಿನ ಕೆಳಗೆ ಬಗ್ಗಿ ಕೂತು, ಸಣ್ಣ ಕುಂಚದಿಂದ, ಲಾರಿಯ ನಂಬರಿಗೂ ಕೊಡದಷ್ಟು ನಿಗಾ ಕೊಟ್ಟು ಬರೆದ: ಖಾಜಾಸಾಬ್, ಕೊಟ್ಟೂರು.